ಜೊತೆಗೊಬ್ಬರು ಸೀನಿಯರ್

"ಹೊಸ ಹುಡುಗೀರನ್ನ ನಾವು ಒಬ್ಬರನ್ನೇ ಯಾವ ಮನೆಗೂ ಕಳಿಸಲ್ಲಮ್ಮ. ಜೊತೆಗೆ ಒಬ್ಬರು ಸೀನಿಯರ್ ಇದ್ದೇ ಇರ್ತಾರೆ." ರಕ್ಷಿತಾ ಇನ್ನೂ ನರ್ಸಿಂಗ್ ಓದುತ್ತಿದ್ದಾಗಲೇ, ಹೋಮ್ ನರ್ಸಿಂಗ್ ಏಜೆನ್ಸಿಯ ಮ್ಯಾನೇಜರು ಅವಳ ಅಮ್ಮನಿಗೆ ಹೀಗೆಂದು ಮಾತು ಕೊಟ್ಟಿದ್ದರು.

ಕೆಲಸದ ಮೊದಲ ದಿನ ರಕ್ಷಿತಾ ರೋಗಿಯ ಮನೆ ಬಾಗಿಲಲ್ಲೇ ನಿಂತು ಮ್ಯಾನೇಜರಿಗೆ ಫೋನ್ ಮಾಡಿದಳು.

"ಸಾರ್, ಡ್ರಿಪ್ ಹಾಕ್ಬೇಕಂತೆ. ನಾನೊಬ್ಳೇ ಯಾವತ್ತೂ ಸೂಜಿ ಚುಚ್ಚಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಹೆದರ್ಬೇಡಮ್ಮ. ಸೆಲೀನಾ ಸಿಸ್ಟರ್ ಒಳಗಿದ್ದಾರೆ. ಮೂವತ್ತೆಂಟು ವರ್ಷದ ಸರ್ವೀಸು. ಅವರು ಹೇಳಿದ ಹಾಗೆ ಮಾಡು, ಸಾಕು."

ಅವಳು ಒಳಗೆ ಕಾಲಿಡುತ್ತಲೇ ಸೆಲೀನಾ ಸಿಸ್ಟರ್ ಶುರುಮಾಡಿದರು.

"ಮೊದ್ಲು ಕೈ ತೊಳ್ಕೊ. ತೋಳಿಗೆ ಕಟ್ಟೋ ಪಟ್ಟಿ ಅಷ್ಟು ಬಿಗಿ ಬೇಡ. ನರ ಕಣ್ಣಲ್ಲಿ ಹುಡುಕೋದಲ್ಲ, ಬೆರಳಲ್ಲಿ ಹುಡುಕ್ಬೇಕು. ಕಾಲೇಜಲ್ಲಿ ಬರೀ ಬೊಂಬೆಗೇ ಚುಚ್ಚಿಸಿದ್ರಾ?"

"ಹೂಂ ಸಿಸ್ಟರ್."

ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ರಕ್ಷಿತಾ ಸೂಜಿಯನ್ನು ಟ್ರೇಯಲ್ಲಿಟ್ಟಳು.

"ಇದೊಂದ್ಸಲ ನೀವೇ ಹಾಕ್ಬಿಡಿ ಸಿಸ್ಟರ್."

"ಪೇಶೆಂಟು ಬೇರೆ ಯಾರಾದ್ರೂ ಆಗಿದ್ರೆ ಹಾಕ್ತಿದ್ದೆ ಮಗೂ," ಎಂದು ಸೆಲೀನಾ ಸಿಸ್ಟರ್ ದಿಂಬಿಗೆ ಒರಗಿ, ತಮ್ಮ ಇನ್ನೊಂದು ಕೈ ಚಾಚಿದರು.

ಮ್ಯಾನೇಜರು ಕೊಟ್ಟ ಮಾತು ಉಳಿಸಿಕೊಂಡಿದ್ದರು.