ಹಸಿರು ಗೇಟಿನ ಎದುರು ಮಂಡಕ್ಕಿ

ಇವತ್ತಿಗೂ ಮಂಡಕ್ಕಿ ಒಗ್ಗರಣೆಯ ವಾಸನೆ ಬಂದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಪ್ಪನ ತಂಗಿಗೆ, ಅಂದರೆ ನನ್ನ ಅತ್ತೆಗೆ, ಭದ್ರಾವತಿಯಿಂದ ಸಂಬಂಧ ಬಂದಿತ್ತು. ಹುಡುಗನ ಮನೆಯ ಬಗ್ಗೆ ಗುಟ್ಟಾಗಿ ವಿಚಾರಿಸಲು ಹೊರಟ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಶಿವಮೊಗ್ಗದಲ್ಲಿ ಬಸ್ಸು ಬದಲಿಸುವಾಗಲೇ, "ಯಾರು ಕೇಳಿದ್ರೂ ಊರು ನೋಡೋಕೆ ಬಂದಿದೀವಿ ಅನ್ನು" ಎಂದು ಹೇಳಿಕೊಟ್ಟಿದ್ದರು. ಹಾಗಾಗಿ ನರಸಿಂಹ ದೇವಸ್ಥಾನದ ತಣ್ಣನೆಯ ಕಲ್ಲುಗೋಡೆ ಮುಟ್ಟಿದೆವು. ಸೇತುವೆಯ ಮೇಲೆ ನಿಂತು ಮೊಬೈಲಿನಲ್ಲಿ ಹೊಳೆಯ ಫೋಟೊ ತೆಗೆದೆವು. ಆಮೇಲೆ ಹುಡುಗನ ಮನೆಯೆದುರಿನ ಅಂಗಡಿಯಲ್ಲಿ ಮಂಡಕ್ಕಿ ತಿನ್ನಲು ಕೂತೆವು.

ತಟ್ಟೆ ಬಂದ ಮೇಲೆ ಅಪ್ಪ ದನಿ ತಗ್ಗಿಸಿ, "ಆ ಹಸಿರು ಗೇಟಿನ ಮನೆಯವರು ಹೇಗಮ್ಮಾ?" ಎಂದು ಕೇಳಿದರು.

ಅಂಗಡಿಯಾಕೆಯ ಸೌಟು ಬಾಣಲೆಯಲ್ಲೇ ನಿಂತಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅದೇ ಗೇಟಿನಿಂದ ಮುದುಕಿಯೊಬ್ಬಳು ಬಂದು ನಮ್ಮ ಪಕ್ಕದಲ್ಲೇ ನಿಂತಳು. ನನ್ನ ಗದ್ದ ಹಿಡಿದೆತ್ತಿ, "ಯಾರ ಮನೆಗೆ ಬಂದಿದೀರಾ ಪುಟ್ಟೀ?" ಎಂದಳು.

ಬೆಂಚಿನ ಕೆಳಗೆ ಅಪ್ಪನ ಕಾಲು ನನ್ನ ಕಾಲನ್ನು ಒತ್ತಿತು.

"ಊರು ನೋಡೋಕೆ" ಎಂದೆ. ಮತ್ತೇನೂ ಕೇಳದಿರಲೆಂದು ಬಾಯಿ ತುಂಬ ಮಂಡಕ್ಕಿ ತುರುಕಿಕೊಂಡೆ.

ಅಂಗಡಿಯಾಕೆ ನನ್ನ ತಟ್ಟೆಗೆ ಇನ್ನೊಂದು ಸೌಟು ಮಂಡಕ್ಕಿ ಸುರಿದಳು. ಮುದುಕಿಯ ಮುಖ ನೋಡದೆ ಅಪ್ಪನಿಗೆ ಹೇಳಿದಳು: "ಊರು ನೋಡಿದ್ದಾಯ್ತಲ್ಲ ಅಣ್ಣಾ. ಮಗೂಗೆ ತಿನ್ನಿಸ್ಕೊಂಡು ಮುಂದಿನ ಬಸ್ಸಿಗೇ ಹೊರಟ್ಬಿಡಿ."

ಊರಿಗೆ ಮರಳಿದಾಗ ನಮ್ಮ ಮನೆಯ ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದಳು. "ಊರು ಹೇಗಿದೆ ಅಣ್ಣಾ?"

ಅಪ್ಪ ಬಗ್ಗಿ ಚಪ್ಪಲಿ ಬಿಡುತ್ತಾ, "ಅಲ್ಲಿ ನೀರು ಸರಿಯಿಲ್ಲ ಮಾರಾಯ್ತಿ" ಎಂದರು.

ಅತ್ತೆ ನನ್ನ ಕಡೆ ತಿರುಗಿದಳು.

"ಸೇತುವೆ ಚೆನ್ನಾಗಿದೆ ಅತ್ತೆ" ಎಂದೆ.