ಸುಮ್ಮನೆ ಬಿಟ್ಟಾಗ

ಪರದೆ ಮತ್ತೆ ನಿಂತಿತ್ತು. ಅರ್ಧ ಜೋಡಿಸಿದ ಪುಸ್ತಕದ ಪುಟದ ಮೇಲೆ ಮೌಸಿನ ಬಾಣ ಕದಲದೆ ಕೂತಿತ್ತು. ಪರದೆಯ ಮೂಲೆಯ ಗಡಿಯಾರ ಹನ್ನೊಂದು ಹತ್ತು ಎನ್ನುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗುತ್ತ ಬಂದಿತ್ತು. ಮಲಗಿ ಎದ್ದು ಬಂದ ತಂಗಿ ಒಂದೆರಡು ಕೀ ಒತ್ತಿ ನೋಡಿ ಕೈಚೆಲ್ಲಿದಳು.

"ಅದಕ್ಕೂ ಸಾಕಾಗಿದೆ, ನಿನಗೂ ಸಾಕಾಗಿದೆ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ.

ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ತಂಗಿಯ ಮಗಳು ತೀರಿಕೊಂಡು ಮೂರು ತಿಂಗಳಾಗಿದೆ, ತಂಗಿ ಮಾತ್ರ ಕಂಪ್ಯೂಟರಿನ ಮುಂದಿಂದ ಏಳುವುದಿಲ್ಲ, ಯಾರ್‍ಯಾರದೋ ಪುಸ್ತಕಗಳ ಪುಟ ಜೋಡಿಸುತ್ತಲೇ ಇರುತ್ತಾಳೆ ಎಂದು ತಿಳಿದು ಎರಡು ವಾರದ ಹಿಂದೆ ಬಂದಿಳಿದಿದ್ದಳು. ಬಂದವಳೇ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಚಾರ್ಟು ಮಾಡಿದಳು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಲಗಲೇಬೇಕು. ಮಲಗಿದ ಹೊತ್ತು, ಎದ್ದ ಹೊತ್ತು ಅದರಲ್ಲಿ ದಾಖಲಾಗಬೇಕು. ತಂಗಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಚಾಕು ಮುಟ್ಟಿದರೂ ಕಿತ್ತುಕೊಳ್ಳುತ್ತಿದ್ದಳು. ಅವಳು ಬಂದ ಮೂರನೇ ದಿನಕ್ಕೆ ಕಂಪ್ಯೂಟರು ನಿಲ್ಲತೊಡಗಿದಾಗ ಅದಕ್ಕೂ ಅದೇ ಚಿಕಿತ್ಸೆ: ದುಡಿದು ಬಿಸಿಯಾಗಿದೆ ಎಂದು ಟೇಬಲ್ ಫ್ಯಾನ್ ಎದುರಿಟ್ಟು, ಇನ್ನಷ್ಟು ಹೊತ್ತು ಮುಟ್ಟಗೊಡುತ್ತಿರಲಿಲ್ಲ. ಅದು ಇನ್ನಷ್ಟು ಸಲ ನಿಲ್ಲುತ್ತಿತ್ತು.

ನಾಳೆ ತಂಗಿಯನ್ನು ತನ್ನೂರಿಗೆ ಕರೆದೊಯ್ಯಲು ಟಿಕೆಟ್ ತೆಗೆಸಿಯಾಗಿತ್ತು. ಅಲ್ಲಿ ಆರು ತಿಂಗಳು ಇಲ್ಲಿನ ಕಡ್ಡಿ ತೆಗೆದು ಅಲ್ಲಿಡಬಾರದು ಎಂಬುದು ಅಕ್ಕನ ಕರಾರು. ತಂಗಿಗೆ ಹೋಗಲು ಭಯ. ಯಾತರ ಭಯ ಎಂದು ಅಕ್ಕ ಎರಡು ಸಲ ಕೇಳಿದ್ದಳು. ಹೇಳೋಣವೆಂದರೆ ಅವಳಿಗೇ ಅದು ಮಾತಿಗೆ ಸಿಕ್ಕಿರಲಿಲ್ಲ.

ಬೀದಿಯ ತುದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವಳು ಬಂದು, ಫ್ಯಾನ್ ನೋಡಿ, "ಹಣೆಗೊಂದು ಒದ್ದೆ ಬಟ್ಟೆ ಬಾಕಿ ಉಳಿಸಿದ್ದೀರಲ್ಲ," ಎಂದಳು. ಅಕ್ಕ ನಗಲಿಲ್ಲ. ರಿಪೇರಿಯವಳು ಯಂತ್ರವನ್ನು ಆರಿಸಿ, ಹೊತ್ತಿಸಿ, ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದಳು. ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟುಕೊಳ್ಳುತ್ತದಂತೆ. ಪ್ರತಿ ಸಲ ಆ ಬರಹ ಎಲ್ಲಿ ತುಂಡಾಗಿದೆಯೆಂದು ಹುಡುಕಿ ಒಂದೊಂದೇ ಓದಿದಳು. ಇವತ್ತು ಹನ್ನೊಂದು ಹತ್ತು. ನಿನ್ನೆ ಮೂರು ನಲವತ್ತು. ಮೊನ್ನೆ ಹನ್ನೊಂದೂಕಾಲು. ಆ ಹೊತ್ತಿನಲ್ಲೆಲ್ಲ ಏನು ಕೆಲಸ ನಡೆದಿತ್ತು ಎಂದು ಕೇಳಿದಳು. ತಂಗಿಗೆ ನೆನಪಿರಲಿಲ್ಲ. ಅಕ್ಕ ಒಳಗೆ ಹೋಗಿ ಚಾರ್ಟು ತಂದಳು.

ಅವಳೂ ರಿಪೇರಿಯವಳೂ ತಾಳೆ ಹಾಕಿದರು. ಒಂದೂ ತಪ್ಪಿರಲಿಲ್ಲ. ಯಂತ್ರ ನಿಂತದ್ದೆಲ್ಲ ತಂಗಿ ಮಲಗಿದ್ದ ಹೊತ್ತಿನಲ್ಲೇ.

"ಬಿಸಿಯಲ್ಲ ಅಮ್ಮ," ಎಂದಳು ರಿಪೇರಿಯವಳು. "ಕೆಲಸ ಮಾಡ್ತಾ ಇರೋವಾಗ ಇದು ಒಂದು ಸಲಾನೂ ನಿಂತಿಲ್ಲ. ಸುಮ್ಮನೆ ಬಿಟ್ಟರೆ ಒಳಗಿನ ಚಿಪ್ ನಿದ್ದೆಗೆ ಇಳಿಯುತ್ತೆ. ಎಲ್ಲಾ ಯಂತ್ರಾನೂ ಇಳಿಯುತ್ತೆ. ಇದು ತೀರಾ ಆಳಕ್ಕೆ ಹೋಗಿಬಿಡುತ್ತೆ, ಮೇಲೆ ಬರೋಕಾಗಲ್ಲ."

ಇಷ್ಟು ದಿನ ಹೀಗಿರಲಿಲ್ಲವಲ್ಲ ಎಂದು ಅಕ್ಕ ವಾದಿಸಿದಳು. ತಂಗಿಗೆ ಕಾರಣ ಹೊಳೆಯಿತು. ಲಿನಕ್ಸ್ ಹಾಕಿಕೊಟ್ಟವಳು ಮಗಳೇ. ಹಾಕಿದ ದಿನದಿಂದ ಬೆಳಿಗ್ಗೆ ಅದರಲ್ಲಿ ಹಚ್ಚಿದ ಹಾಡನ್ನು, ಯಂತ್ರವನ್ನು ರಾತ್ರಿ ಮಲಗುವಾಗಲೇ ಆರಿಸುತ್ತಿದ್ದಳು. ಅವಳು ಹೋದ ಮೇಲೆ ತಾಯಿ ಆ ಯಂತ್ರ ಬಿಟ್ಟು ಏಳಲಿಲ್ಲ. ಸುಮ್ಮನಿರಲು ಅದನ್ನು ಯಾರು ಬಿಟ್ಟಿದ್ದರು?

ಆಳದ ನಿದ್ದೆಗೆ ಇಳಿಯದಂತೆ ರಿಪೇರಿಯವಳು ಒಂದು ಸಾಲು ಬರೆದು ಸೇರಿಸಿದಳು. ಸರಿಹೋಯಿತೋ ಇಲ್ಲವೋ ತಿಳಿಯಬೇಕಾದರೆ ಅರ್ಧ ಗಂಟೆ ಯಾರೂ ಮುಟ್ಟಬಾರದು ಎಂದಳು. ಮೂವರೂ ಪರದೆಯ ಮೂಲೆಯ ಗಡಿಯಾರವನ್ನೇ ನೋಡುತ್ತ ಕೂತರು. ಒಂದು ನಿಮಿಷ ದಾಟಿದಾಗಲೆಲ್ಲ ತಂಗಿಯ ಬೆರಳು ಮೇಜಿನ ಅಂಚನ್ನು ಬಿಟ್ಟು ಮತ್ತೆ ಹಿಡಿಯುತ್ತಿತ್ತು. ಹದಿನೆಂಟನೇ ನಿಮಿಷದಲ್ಲಿ, ಕಣ್ಣು ತೆಗೆಯದೆ, ಅವಳು ಹೇಳಿದಳು.

"ನಂಗೂ ಹಾಗೇ ಅಕ್ಕ. ಮಲಗಿಸಬೇಡ."

ಅಕ್ಕ ಚಾರ್ಟು ಎತ್ತಿಕೊಂಡಳು. ತನ್ನ ಅಕ್ಷರದಲ್ಲೇ ಇದ್ದ ಹೊತ್ತುಗಳನ್ನು ಮೇಲಿಂದ ಕೆಳಗೆ ಒಮ್ಮೆ ಓದಿಕೊಂಡು ಅಡುಗೆಮನೆಗೆ ಹೋದಳು.

ಅರ್ಧ ಗಂಟೆ ಕಳೆದರೂ ಗಡಿಯಾರ ನಡೆಯುತ್ತಲೇ ಇತ್ತು. ರಿಪೇರಿಯವಳು ಚೀಲ ಹೆಗಲಿಗೇರಿಸುವಷ್ಟರಲ್ಲಿ ಅಕ್ಕ ಹಸಿ ಬಟಾಣಿಯ ದೊಡ್ಡ ಚೀಲ, ಒಂದು ಪಾತ್ರೆ ಹಿಡಿದು ಬಂದಳು. ಚಾರ್ಟನ್ನು ಸಿಪ್ಪೆ ಹಾಕಲು ತಂಗಿಯ ಕಾಲ ಬಳಿ ಹಾಸಿ, ಪಾತ್ರೆಯನ್ನು ಅವಳ ಮಡಿಲಿಗಿಟ್ಟಳು.

"ಟಿಕೆಟ್ ವಾಪಸ್ ಕೊಟ್ಟು ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು. "ಅಷ್ಟರಲ್ಲಿ ಇಷ್ಟೂ ಬಿಡಿಸಿರಬೇಕು."