ಮೊದಲು ಬಿದ್ದ ಕೊಕ್ಕೆ

ಗ್ಯಾರೇಜಿನ ಮೇಸ್ತ್ರಿಯ ಬೆಂಚಿನ ಮೇಲೆ ಎಂಜಿನ್ನಿಗೆ ಗಾಳಿ ನೂಕಿ ಬಲ ಹೆಚ್ಚಿಸುವ ಎರಡು ಟರ್ಬೊಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಅಣ್ಣ ಚಿಕ್ಕದನ್ನು ಕೈಗೆತ್ತಿಕೊಂಡು ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡುತ್ತಿದ್ದ. ಕೆಟ್ಟು ನಿಂತ, ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಎಳೆದು ತರುವುದು ಅವನ ಕಸುಬು. ಅವನ ಡೀಸೆಲ್ ಟ್ರಕ್ಕು ಈಚೆಗೆ ಏರು ಕಂಡರೆ ಮುಲುಗುತ್ತಿತ್ತು.

“ಅದೇ ನಿನಗೆ ಸರಿ,” ಎಂದರು ಮೇಸ್ತ್ರಿ. “ಆಕ್ಸಿಲರೇಟರಿಗೆ ಕಾಲಿಟ್ಟ ತಕ್ಷಣ ಗಾಳಿ ತುಂಬುತ್ತೆ, ಮೊದಲನೇ ಗೇರಲ್ಲೇ ಆನೆ ಥರ ಎಳೆಯುತ್ತೆ. ಆ ದೊಡ್ಡದು ಓಟಕ್ಕೆ ಮಾತ್ರ. ಸ್ಪೀಡು ಹಿಡಿದ ಮೇಲೆ ಹಾರುತ್ತೆ. ಆದ್ರೆ ಭಾರ ಕಟ್ಕೊಂಡು ಏರು ಹತ್ತೋವಾಗ ಅದು ನಿದ್ದೆಯಿಂದ ಏಳೋ ಹೊತ್ತಿಗೆ ನಿನ್ನ ಕಥೆ ಮುಗಿದಿರುತ್ತೆ.”

“ಹಾಗಾದ್ರೆ ಇದನ್ನೇ ಹಾಕಿ.”

ಅಷ್ಟಕ್ಕೆ ಮೇಸ್ತ್ರಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಊರಿನ ಗಾಡಿಗಳಿಗೆಲ್ಲ ಬ್ರೇಕು ಹಾಕಿಕೊಡುವ ಆ ಮನುಷ್ಯನ ನಾಲಿಗೆಗೆ ಬ್ರೇಕು ಇರಲಿಲ್ಲ. “ನಿನ್ನ ತಮ್ಮ ಬೆಳಿಗ್ಗೆ ಬಂದಿದ್ದ. ಆ ದೊಡ್ಡದರ ಮೇಲೆ ಕಣ್ಣು ಹಾಕಿದ್ದಾನೆ. ಸಂಜೆ ಬರ್ತೀನಿ ಅಂದ.”

ಅಣ್ಣನ ಬೆರಳು ನಿಂತಿತು. ತಮ್ಮನಿಗೂ ಅದೇ ಕಸುಬು, ಅಂಥದೇ ಟ್ರಕ್ಕು. ಅಪ್ಪ ಸತ್ತ ಮೂರನೇ ತಿಂಗಳಿಗೆ ಇಬ್ಬರೂ ಪಾಲು ಮಾಡಿಕೊಂಡು ಬೇರೆಯಾಗಿದ್ದರು. ಪಾಲು ಎಂದರೆ ಎಂಥ ಪಾಲು! ಅಪ್ಪ ಗಾಡಿ ಎಳೆಯುತ್ತಿದ್ದ ಉದ್ದನೆಯ ಸರಪಳಿಯನ್ನು ಕೊಂಡಿ ಎಣಿಸಿ, ಇದೇ ಮೇಸ್ತ್ರಿಯ ಕೈಲಿ ನಡುವೆ ಕತ್ತರಿಸಿ, ಅರ್ಧರ್ಧ ಹೊತ್ತುಕೊಂಡು ಹೋಗಿದ್ದರು. ಅವತ್ತಿನಿಂದ ತಮ್ಮ ‘ಅಣ್ಣಾ’ ಎಂದು ಕರೆಯುವುದನ್ನೂ ಬಿಟ್ಟಿದ್ದ. ಈ ಕಸುಬಿನಲ್ಲಿ ಒಂದು ಕಟ್ಟಳೆಯಿದೆ: ಬಿದ್ದ ಗಾಡಿಗೆ ಮೊದಲು ಕೊಕ್ಕೆ ಹಾಕಿದವನದೇ ಕೆಲಸ, ಅವನಾಗಿ ಬಿಚ್ಚುವ ತನಕ ಇನ್ನೊಬ್ಬ ಮುಟ್ಟುವಂತಿಲ್ಲ. ಓಟದ ಟರ್ಬೊ ತಮ್ಮನ ಪಾಲಾದರೆ ಇನ್ನು ಪ್ರತಿ ಕರೆಗೂ ಅವನ ಹೊಗೆ ಕುಡಿಯುತ್ತ ಎರಡನೆಯವನಾಗಿ ಹೋಗಬೇಕು. ಅಣ್ಣ ಚಿಕ್ಕದನ್ನು ಬೆಂಚಿನ ಮೇಲೆ ಕುಕ್ಕಿದ.

“ದೊಡ್ಡದನ್ನ ಹಾಕಿ.”

“ಲೋ, ನೀನೇನು ರೇಸಿಗೆ ಹೋಗ್ತೀಯೇನೋ?”

“ಹಾಕಿ ಅಂದ್ನಲ್ಲ.”

ಸಂಜೆ ತಮ್ಮ ಬಂದು, ಬೆಂಚಿನ ಮೇಲೆ ಉಳಿದಿದ್ದನ್ನು ಮುಖ ಊದಿಸಿಕೊಂಡೇ ಹಾಕಿಸಿಕೊಂಡು ಹೋದ.

ಹದಿನೈದು ದಿನ ಅಣ್ಣನದೇ ದರ್ಬಾರು. ತಮ್ಮ ಬಂದು ತಲುಪುವ ಹೊತ್ತಿಗೆ ಇವನು ಕೊಕ್ಕೆ ಸಿಕ್ಕಿಸಿ, ಟ್ರಕ್ಕಿನ ಬಾಗಿಲಿಗೆ ಒರಗಿ ಟೀ ಕುಡಿಯುತ್ತಿರುತ್ತಿದ್ದ. ಅವನ ಪುಣ್ಯಕ್ಕೆ ಎಲ್ಲವೂ ಸಮತಟ್ಟು ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳು.

ಹದಿನಾರನೆಯ ದಿನ ಮಧ್ಯಾಹ್ನ, ಕಲ್ಲುಗಣಿಯ ಏರಿನಲ್ಲಿ ಬ್ರೆಡ್ಡು ಹಂಚುವ ವ್ಯಾನೊಂದು ರಸ್ತೆ ಬಿಟ್ಟು ಇಳಿಜಾರಿಗೆ ಜಾರಿತು. ಓಡಿಸುತ್ತಿದ್ದ ಹೆಂಗಸು ಹೇಗೋ ಹೊರಬಂದು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದಳು. ಅಣ್ಣನೇ ಮೊದಲು ಬಂದ. ಟ್ರಕ್ಕಿನ ಉಕ್ಕಿನ ಹಗ್ಗದ ಕೊಕ್ಕೆ ಹಾಕಿ, ಮೊದಲನೇ ಗೇರಿನಲ್ಲಿ ತುಳಿದ. ಟ್ರಕ್ಕು ಕರೀ ಹೊಗೆ ಕಾರಿತೇ ಹೊರತು ಗೇಣು ಮುಂದೆ ಸರಿಯಲಿಲ್ಲ.

ಅಷ್ಟರಲ್ಲಿ ತಮ್ಮ ಬಂದು ಕೈಕಟ್ಟಿ ನಿಂತ. “ಅದು ಆಗಲ್ಲ. ವ್ಯಾನು ಆ ಬಂಡೆಗೆ ಒರಗಿ ನಿಂತಿರೋವಾಗಲೇ ಕೊಕ್ಕೆ ಬಿಚ್ಚು, ನಾನು ಎಳೀತೀನಿ.”

“ಮೊದಲು ಬಂದೋನು ನಾನು,” ಎಂದು ಅಣ್ಣ ಹಲ್ಲು ಕಚ್ಚಿ ಮತ್ತೆ ತುಳಿದ. ವ್ಯಾನು ಬಂಡೆಯಿಂದ ಕಳಚಿತು. ಅದರ ಭಾರಕ್ಕೆ ಟ್ರಕ್ಕೇ ಹಿಂದಕ್ಕೆ ಜಾರತೊಡಗಿತು. ಬ್ರೇಕು ಒತ್ತಿದ, ಚಕ್ರ ಜಲ್ಲಿಯ ಮೇಲೆ ಉಜ್ಜಿಕೊಂಡು ರಸ್ತೆಯ ಅಂಚಿಗೆ ಬಂದು ನಿಂತಿತು. ಈಗ ಬಿಚ್ಚಿದರೆ ವ್ಯಾನು ಪಾತಾಳಕ್ಕೆ, ಬಿಚ್ಚದಿದ್ದರೆ ತಾನೂ ಅದರ ಜೊತೆಗೆ.

“ಅಣ್ಣಾ, ಬ್ರೇಕ್ ಮೇಲಿಂದ ಕಾಲು ತೆಗೀಬೇಡ!”

ತಮ್ಮ ತನ್ನ ಟ್ರಕ್ಕನ್ನು ಮೇಲಿನ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ತನ್ನ ಪಾಲಿನ ಸರಪಳಿ ಹಿಡಿದು ಅಣ್ಣನ ಟ್ರಕ್ಕಿನ ಮೂತಿಯತ್ತ ಓಡಿ ಬಂದ. ಅದು ಎರಡು ಮಾರು ಕಡಿಮೆ ಬಿತ್ತು. “ನಿನ್ನ ಅರ್ಧ ಎಲ್ಲಿ?” ಅಣ್ಣ ಕಾಲು ಕದಲಿಸದೆ ಸೀಟಿನ ಹಿಂದಕ್ಕೆ ಕೈಹಾಕಿ, ತನ್ನ ಪಾಲನ್ನು ಕಿಟಕಿಯಿಂದ ಹೊರಗೆ ಬಿಟ್ಟ. ತಮ್ಮ ಎರಡು ತುದಿಗಳನ್ನು ಸೇರಿಸಿ ಒಂದು ದಪ್ಪ ಬೋಲ್ಟು ಬಿಗಿದ. ಅವನ ಟ್ರಕ್ಕು ಹೆಚ್ಚು ಸದ್ದೂ ಮಾಡಲಿಲ್ಲ. ಅಪ್ಪನ ಸರಪಳಿ ಇಡಿಯಾಗಿ ಬಿಗಿಯಿತು; ಮೊದಲು ಅಣ್ಣ, ಅವನ ಹಿಂದೆ ವ್ಯಾನು, ಎರಡೂ ಮೇಲಕ್ಕೆ ಬಂದವು.

ಬ್ರೆಡ್ಡಿನ ಹೆಂಗಸು ತಮ್ಮನಿಗೆ ಕೈಮುಗಿದಳು. “ಎರಡು ಗಾಡೀನೂ ಕಾಪಾಡಿದ್ರಿ,” ಎಂದಳು. ಅಣ್ಣನಿಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಆದರೂ ಅವಮಾನಕ್ಕಿಂತ ಹೆಚ್ಚಾಗಿ ಆ ‘ಅಣ್ಣಾ’ ಅವನ ಕಿವಿಯಲ್ಲಿತ್ತು. ಕೆಳಗಿಳಿದು, ಸರಪಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ತಮ್ಮನ ಬಳಿ ಹೋದ.

“ಬಿಚ್ಚಬೇಡ. ಹಾಗೇ ಇರಲಿ ಬಿಡು.”

ತಮ್ಮ ತಲೆಯೆತ್ತಲಿಲ್ಲ. “ಯಾರ ಟ್ರಕ್ಕಲ್ಲಿ?”

ಅಣ್ಣ ಬಾಯಿ ತೆರೆದ. ‘ನಿನ್ನದರಲ್ಲಿ’ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದು, ಅಲ್ಲೇ ನಿಂತುಬಿಟ್ಟಿತು.

ತಮ್ಮ ಈಗ ತಲೆಯೆತ್ತಿ ಅವನ ಮುಖ ನೋಡಿದ. ಆಮೇಲೆ ಸ್ಪ್ಯಾನರು ಹಾಕಿ ಬಿಚ್ಚಿ, ಅಣ್ಣನ ಅರ್ಧವನ್ನು ಅಣ್ಣನ ಕಾಲ ಬಳಿ ಸುರುವಿದ. ಬೋಲ್ಟನ್ನು ಒರೆಸಿ ಜೇಬಿಗೆ ಹಾಕಿಕೊಂಡ.

“ಇದು ನಂದು,” ಎಂದ.